ಬೆಂಗಳೂರಿನ ಅಂಚಿನ ನಗರಸಭೆಗಳು: ಅಭಿವೃದ್ಧಿ ಗುರಿ, ವಸತಿ ಗುರಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸೆಂಬರ್, ಜನವರಿ ಬಂತೆಂದರೆ ನಗರಸಭೆಗಳಲ್ಲಿ ಮುಂದಿನ ವರ್ಷದ ಆಯವ್ಯಯದ ಮಾತು ಶುರುವಾಗುತ್ತದೆ. ಪೇಪರಿನಲ್ಲಿ "ಸಮಗ್ರ ಅಭಿವೃದ್ಧಿಗೆ ಒತ್ತು" ಅಂತ ಸುದ್ದಿ ಬರುತ್ತದೆ. ಆಮೇಲೆ ರಸ್ತೆ ಹಾಗೇ ಇರುತ್ತದೆ, ಟ್ಯಾಂಕರ್ ಹಾಗೇ ಬರುತ್ತಿರುತ್ತದೆ. ಹೆಬ್ಬಗೋಡಿ, ಹೊಸಕೋಟೆ, ನೆಲಮಂಗಲ, ದೊಡ್ಡಬಳ್ಳಾಪುರದಂಥ ನಗರಸಭೆಗಳಲ್ಲಿ, ಆನೇಕಲ್, ಚಂದಾಪುರ, ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಯಂಥ ಪುರಸಭೆಗಳಲ್ಲಿ ಇರುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಯಾವ ವಾರ್ಡ್, ಎಷ್ಟು ಹಣ, ಯಾವ ತಿಂಗಳೊಳಗೆ ಅಂತ ಬರೆಯದ ಗುರಿಯನ್ನು ಒಪ್ಪಿಕೊಳ್ಳಬೇಡಿ. ಮನೆ ಎಷ್ಟು ಅನ್ನುವುದಕ್ಕೆ ಮೊದಲು ನೀರು ಎಲ್ಲಿಂದ ಅಂತ ಕೇಳಿ.

ನಾವಿರುವುದು ಬೆಂಗಳೂರಲ್ಲೇ ಅಲ್ವಾ? ನಡುವೆ ಈ ನಗರಸಭೆ ಎಲ್ಲಿಂದ ಬಂತು?

ವಿಳಾಸದಲ್ಲಿ ಬೆಂಗಳೂರು ಅಂತ ಇರಬಹುದು, ಆಡಳಿತ ಬೇರೆ. 2025ರ ಸೆಪ್ಟೆಂಬರ್ 2ರಂದು ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳು ಬಂದವು: ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಐದೂ ಹುಟ್ಟಿದ್ದು ಹಳೇ ಬಿಬಿಎಂಪಿ ಗಡಿಯೊಳಗೆ. ಅದರಾಚೆಯ ಊರುಗಳಿಗೆ ಅವರವರದೇ ಸ್ಥಳೀಯ ಸಂಸ್ಥೆ ಇದೆ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ ಲೆಕ್ಕದಲ್ಲಿ 10,000ದಿಂದ 20,000 ಜನ ಇದ್ದರೆ ಪಟ್ಟಣ ಪಂಚಾಯಿತಿ, 20,000ದಿಂದ 50,000 ಇದ್ದರೆ ಪುರಸಭೆ, 50,000ದಿಂದ 3 ಲಕ್ಷದವರೆಗೆ ನಗರಸಭೆ. ನಿಮ್ಮದು ಯಾವುದು ಅಂತ ಗೊಂದಲ ಇದ್ದರೆ ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿ. ಮೇಲೆ ಯಾರ ಹೆಸರಿದೆಯೋ ಅವರನ್ನೇ ಕೇಳಬೇಕು.

ನಗರಸಭೆಗೆ ಗುರಿ ಇಟ್ಟುಕೊಳ್ಳುವ ಅಧಿಕಾರ ನಿಜವಾಗಲೂ ಎಷ್ಟಿದೆ?

ಸಂವಿಧಾನ ಕೊಟ್ಟಿರುವುದು ಜಾಸ್ತಿ, ಕೈಗೆ ಬಂದಿರುವುದು ಕಡಿಮೆ. 1993ರ ಜೂನ್ 1ರಿಂದ ಜಾರಿಗೆ ಬಂದ 74ನೇ ತಿದ್ದುಪಡಿ 12ನೇ ಪರಿಚ್ಛೇದದಲ್ಲಿ 18 ಕೆಲಸಗಳನ್ನು ಪಟ್ಟಿ ಮಾಡಿದೆ. ಪಟ್ಟಿಯ ಮೊದಲ ಕೆಲಸವೇ ನಗರ ಯೋಜನೆ. ಭೂಬಳಕೆ, ಕಟ್ಟಡ, ನೀರು, ಕೊಳೆಗೇರಿ ಸುಧಾರಣೆ, ಬಡತನ ನಿವಾರಣೆ ಎಲ್ಲವೂ ಅದರಲ್ಲಿವೆ.

ಈಗ ನೆಲದ ಮೇಲೆ ಏನಾಗಿದೆ ನೋಡಿ. ಮಾಸ್ಟರ್ ಪ್ಲಾನ್ ಮಾಡುವುದು ನಗರಸಭೆ ಅಲ್ಲ, ಯೋಜನಾ ಪ್ರಾಧಿಕಾರ. ಆನೇಕಲ್ ಕಡೆಗೆ ಆನೇಕಲ್ ಯೋಜನಾ ಪ್ರಾಧಿಕಾರ, ಹೊಸಕೋಟೆಗೆ, ನೆಲಮಂಗಲಕ್ಕೆ ಅವರವರದು, ದೇವನಹಳ್ಳಿ ಮತ್ತು ದೊಡ್ಡಬಳ್ಳಾಪುರದ ಕಡೆಗೆ ವಿಮಾನ ನಿಲ್ದಾಣ ಪ್ರದೇಶದ ಪ್ರಾಧಿಕಾರ. ಇವೆಲ್ಲದರ ಮೇಲೆ ಬಿಎಂಆರ್‌ಡಿಎ, ಅಂದರೆ ಬೆಂಗಳೂರು ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ. ದೊಡ್ಡ ನೀರಿನ ಯೋಜನೆ, ಯುಜಿಡಿ (ನೆಲದಡಿಯ ಒಳಚರಂಡಿ) ಯೋಜನೆ ಕೈಗೆತ್ತಿಕೊಳ್ಳುವುದು ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಕೊಳೆಗೇರಿ ಅಂದರೆ ಕೊಳೆಗೇರಿ ಅಭಿವೃದ್ಧಿ ಮಂಡಳಿ, ಬಡವರ ಮನೆ ಅಂದರೆ ರಾಜೀವ್ ಗಾಂಧಿ ವಸತಿ ನಿಗಮ, ಹೊಸೂರು ರಸ್ತೆ ಅಂದರೆ ರಾಷ್ಟ್ರೀಯ ಹೆದ್ದಾರಿಯವರು, ಕೈಗಾರಿಕಾ ಪ್ರದೇಶ ಅಂದರೆ ಕೆಐಎಡಿಬಿ ಎಂಬ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ.

ನಗರಸಭೆಯ ಕೈಯಲ್ಲಿ ಪೂರ್ತಿಯಾಗಿ ಉಳಿಯುವುದು ಒಳರಸ್ತೆ, ಚರಂಡಿ, ಬೀದಿದೀಪ, ಕಸ, ಪಾರ್ಕು, ಕಟ್ಟಡ ಪರವಾನಗಿ, ಖಾತೆ, ತೆರಿಗೆ. ಇದನ್ನು ಸಣ್ಣದು ಅಂದುಕೊಳ್ಳಬೇಡಿ. ದಿನನಿತ್ಯದ ಬದುಕು ಇದರಲ್ಲೇ ಇದೆ. ಉಳಿದ ವಿಷಯಗಳಲ್ಲಿ ನಗರಸಭೆ ಠರಾವು ಮಾಡಿ ಆಯಾ ಇಲಾಖೆಗೆ ಕಳಿಸಬಹುದು, ಮತ್ತೆ ಮತ್ತೆ ಪತ್ರ ಬರೆದು ಬೆನ್ನು ಹತ್ತಬಹುದು. "ಅದು ನಮ್ಮ ವ್ಯಾಪ್ತಿಗೆ ಬರಲ್ಲ" ಅಂದರೆ "ಸರಿ, ಠರಾವು ಮಾಡಿದ್ದೀರಾ, ನಂಬರ್ ಕೊಡಿ" ಅಂತ ಕೇಳಿ.

ಈ ಗುರಿಗಳನ್ನು ತೀರ್ಮಾನ ಮಾಡುವುದು ಯಾರು, ಯಾವಾಗ?

ಚುನಾಯಿತ ಸದಸ್ಯರ ಸಾಮಾನ್ಯ ಸಭೆ ಒಪ್ಪಬೇಕು. ಅಧ್ಯಕ್ಷ, ಉಪಾಧ್ಯಕ್ಷರ ಅವಧಿ 30 ತಿಂಗಳು. ಶಾಸಕರು, ಸಂಸದರೂ ಸಭೆಯ ಸದಸ್ಯರೇ. ಆಡಳಿತ ನಡೆಸುವುದು ನಗರಸಭೆಯಲ್ಲಿ ಪೌರಾಯುಕ್ತರು, ಪುರಸಭೆಯಲ್ಲಿ ಮುಖ್ಯಾಧಿಕಾರಿ. ಆಯವ್ಯಯಕ್ಕೆ ಮುಂಚೆ ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುತ್ತಾರೆ. ನೋಟಿಸನ್ನು ಕಚೇರಿ ಗೋಡೆಗೆ ಅಂಟಿಸಿರುತ್ತಾರೆ ಅಥವಾ ಪೇಪರಿನ ಮೂಲೆಯಲ್ಲಿ ಹಾಕಿರುತ್ತಾರೆ, ಅದಕ್ಕೇ ಜಾಸ್ತಿ ಜನಕ್ಕೆ ಗೊತ್ತಾಗುವುದಿಲ್ಲ. ಕಚೇರಿಗೆ ಫೋನ್ ಮಾಡಿ ತಾರೀಕು ಕೇಳಿಟ್ಟುಕೊಳ್ಳಿ.

ಆದರೆ ಆಯವ್ಯಯ ಭಾಷಣಕ್ಕಿಂತ ಮುಖ್ಯವಾದ ಕಾಗದ ಇನ್ನೊಂದಿದೆ. ಅದು ಕ್ರಿಯಾ ಯೋಜನೆ. ಯಾವ ಅನುದಾನದಲ್ಲಿ ಯಾವ ಬೀದಿಯ ಯಾವ ಕಾಮಗಾರಿ, ಅಂದಾಜು ಮೊತ್ತ ಎಷ್ಟು ಅನ್ನುವುದು ಅಲ್ಲಿ ಸಾಲು ಸಾಲಾಗಿ ಇರುತ್ತದೆ. "ಕುಡಿಯುವ ನೀರಿಗೆ ಆದ್ಯತೆ" ಅಂತ ಭಾಷಣದಲ್ಲಿ ಹೇಳಿ ಕ್ರಿಯಾ ಯೋಜನೆ ತುಂಬಾ ಕಾಂಕ್ರೀಟ್ ರಸ್ತೆ ಇದ್ದರೆ, ಆ ವರ್ಷದ ನಿಜವಾದ ಗುರಿ ಕಾಂಕ್ರೀಟ್ ರಸ್ತೆಯೇ.

ನಮ್ಮಲ್ಲಿ ಈಗ ಚುನಾಯಿತ ಸದಸ್ಯರೇ ಇಲ್ಲ, ಆಡಳಿತಾಧಿಕಾರಿ ಇದ್ದಾರೆ. ಆಗ?

ಸಂವಿಧಾನದ 243ಯು ವಿಧಿ ಪ್ರಕಾರ ಅವಧಿ ಐದು ವರ್ಷ, ಅದು ಮುಗಿಯುವುದರೊಳಗೆ ಚುನಾವಣೆ ಆಗಬೇಕು. ಆಗುವುದಿಲ್ಲ. ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಮತ್ತೆ ಚುನಾವಣೆ ಆಗಲೇ ಇಲ್ಲ, ಕೊನೆಗೆ ಬಿಬಿಎಂಪಿಯೇ ಇಲ್ಲವಾಯಿತು. ಇದು ನನಗೆ ತುಂಬಾ ನೋವಿನ ವಿಷಯ. ವಾರ್ಡಿಗೆ ಒಬ್ಬ ಸದಸ್ಯ ಇದ್ದರೆ ರಾತ್ರಿ ಮೋರಿ ಉಕ್ಕಿದಾಗ ಮನೆ ಬಾಗಿಲು ತಟ್ಟಲು ಒಬ್ಬರು ಇರುತ್ತಾರೆ. ಆಡಳಿತಾಧಿಕಾರಿಗೆ ಇಡೀ ಊರು ಒಂದು ಫೈಲು. ಆದರೂ ಆಯವ್ಯಯ, ಕ್ರಿಯಾ ಯೋಜನೆ ನಿಲ್ಲುವುದಿಲ್ಲ. ಅರ್ಜಿಯನ್ನು ಆಡಳಿತಾಧಿಕಾರಿಗೇ ಬರೆಯಿರಿ, ಒಂದು ಪ್ರತಿ ಜಿಲ್ಲಾಧಿಕಾರಿ ಕಚೇರಿಗೂ ಕೊಡಿ.

ದುಡ್ಡು ಎಲ್ಲಿಂದ ಬರುತ್ತದೆ? "ಅನುದಾನ ಇಲ್ಲ" ಅಂತ ಹೇಳುತ್ತಾರಲ್ಲ?

ಸ್ವಂತ ಆದಾಯದಲ್ಲಿ ದೊಡ್ಡದು ಆಸ್ತಿ ತೆರಿಗೆ. ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ. 5 ರಿಯಾಯಿತಿ ಸಿಗುತ್ತದೆ. ಪರವಾನಗಿ ಶುಲ್ಕ, ನೀರಿನ ಕರ, ಮಳಿಗೆ ಬಾಡಿಗೆ ಇತ್ಯಾದಿ ಸೇರುತ್ತವೆ. ರಾಜ್ಯದಿಂದ ಎಸ್‌ಎಫ್‌ಸಿ (ರಾಜ್ಯ ಹಣಕಾಸು ಆಯೋಗ) ಅನುದಾನ, ಕೇಂದ್ರದಿಂದ ಹಣಕಾಸು ಆಯೋಗದ ಅನುದಾನ. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಲೆಕ್ಕದಲ್ಲಿ ಇಂಥ ಊರುಗಳಿಗೆ ಬಂದ ಹಣದಲ್ಲಿ ಶೇ. 60 ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಆ ಹಣ ಎಲ್ಲಿ ಹೋಯಿತು ಅಂತ ಕೇಳುವುದು ನಿಮ್ಮ ಹಕ್ಕು.

ಇನ್ನೊಂದು ಲೆಕ್ಕ ಎಲ್ಲರಿಗೂ ಗೊತ್ತಿರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 24.10, ಇತರ ಬಡವರಿಗೆ ಶೇ. 7.25, ಅಂಗವಿಕಲರಿಗೆ ಶೇ. 5 ಅಂತ ಹಣ ತೆಗೆದಿಡಬೇಕು. ಕಚೇರಿಯಲ್ಲಿ ಸುಮ್ನೆ "24.10", "7.25" ಅಂತಲೇ ಕರೆಯುತ್ತಾರೆ, ಹಾಗೇ ಕೇಳಿ, ಅರ್ಥವಾಗುತ್ತದೆ. ವರ್ಷದ ಕೊನೆಗೆ ಈ ಹಣ ಖರ್ಚಾಗದೆ ಉಳಿದಿದ್ದರೆ ಅದು ಯಾರದೋ ಮನೆಯ ಶೌಚಾಲಯ, ಯಾರದೋ ಮಗುವಿನ ಫೀಸು, ಯಾರದೋ ತ್ರಿಚಕ್ರ ಗಾಡಿ ತಪ್ಪಿತು ಅಂತಲೇ ಅರ್ಥ.

ಒಂದು ದೊಡ್ಡ ತೊಂದರೆಯೂ ಇದೆ. ಅನುದಾನ ಹಂಚುವಾಗ ನೋಡುವುದು 2011ರ ಜನಗಣತಿ. ಆಮೇಲೆ ಎಷ್ಟು ಲೇಔಟು, ಎಷ್ಟು ಪಿಜಿ, ಎಷ್ಟು ಶೀಟ್ ಮನೆ ಬಂದವು ಅಂತ ನಮ್ಮ ಬೀದಿಗಳೇ ಹೇಳುತ್ತವೆ. ಜನ ಇದ್ದಾರೆ, ಲೆಕ್ಕದಲ್ಲಿಲ್ಲ. 2027ರ ಜನಗಣತಿಯಲ್ಲಿ ಬಾಡಿಗೆಯವರು, ಹೊರರಾಜ್ಯದ ಕೆಲಸಗಾರರು ಬಿಟ್ಟುಹೋಗದ ಹಾಗೆ ನೋಡಿಕೊಳ್ಳುವುದನ್ನೇ ನಗರಸಭೆ ಒಂದು ಗುರಿ ಮಾಡಿಕೊಳ್ಳಬೇಕು.

ವಸತಿ ಗುರಿ ಅಂದರೆ ನಗರಸಭೆ ಮನೆ ಕಟ್ಟಿಸುತ್ತದೆ ಅಂತಲಾ?

ಕಟ್ಟಿಸುವುದು ಕಡಿಮೆ. ಇಲ್ಲಿ ಬಹಳ ಜನ ವಸತಿ ಅಂದರೆ ಬಡವರಿಗೆ ಸರ್ಕಾರ ಕೊಡುವ ಆಶ್ರಯ ಮನೆ ಅಂತ ಮಾತ್ರ ಅಂದುಕೊಂಡಿದ್ದಾರೆ, ಅಧಿಕಾರಿಗಳೂ ಅಷ್ಟೇ. ಅದು ಬೇಕು, ಖಂಡಿತ ಬೇಕು. ಆದರೆ ಜಿಗಣಿ, ಬೊಮ್ಮಸಂದ್ರ, ಅತ್ತಿಬೆಲೆಯ ಕೈಗಾರಿಕಾ ಪ್ರದೇಶದ ಸುತ್ತ ಒಮ್ಮೆ ನಡೆದು ನೋಡಿ. ಶೀಟ್ ಹೊದಿಸಿದ ಸಾಲು ಕೋಣೆಗಳು, ಒಂದು ಕೋಣೆಯಲ್ಲಿ ಎರಡು ಪಾಳಿಯವರು, ಹತ್ತಾರು ಜನಕ್ಕೆ ಒಂದೇ ಶೌಚಾಲಯ. ಕಾರ್ಖಾನೆಗೆ ಪರವಾನಗಿ ಕೊಡುವಾಗ ಅಲ್ಲಿ ದುಡಿಯುವವರು ಎಲ್ಲಿ ಮಲಗುತ್ತಾರೆ ಅಂತ ಯಾರೂ ಕೇಳಿಲ್ಲ. ಅವರಿಗೆ ಸೈಟು ಬೇಡ, ಸಾಲ ಬೇಡ. ಕೈಗೆಟಕುವ ಬಾಡಿಗೆಯಲ್ಲಿ ಒಂದು ಮರ್ಯಾದೆಯ ಕೋಣೆ ಸಾಕು.

2024ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0ರಲ್ಲಿ ಸ್ವಂತ ಜಾಗದಲ್ಲಿ ಮನೆ ಕಟ್ಟಿಕೊಳ್ಳುವವರಿಗೆ ಸಹಾಯ, ಸಾಲದ ಬಡ್ಡಿಗೆ ಸಹಾಯ ಇವುಗಳ ಜೊತೆಗೆ ಬಾಡಿಗೆ ಮನೆ ಕಟ್ಟುವ ಭಾಗವೂ ಇದೆ. ಆದರೂ ಬಾಡಿಗೆ ವಸತಿಯ ಮಾತು ನಗರಸಭೆ ಸಭೆಗಳಲ್ಲಿ ಕೇಳಿಸುವುದು ಅಪರೂಪ. ನನ್ನ ಕೇಳಿದರೆ ಅಂಚಿನ ನಗರಸಭೆಯ ಮೊದಲ ವಸತಿ ಗುರಿ ಇದೇ ಆಗಬೇಕು: ಕಾರ್ಖಾನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಬಾಡಿಗೆ ವಸತಿಗೆ ಸರ್ಕಾರಿ ಜಾಗ ಗುರುತಿಸುವುದು, ಈಗಿರುವ ಸಾಲು ಮನೆಗಳಿಗೆ ಶೌಚಾಲಯ, ನೀರು, ಬೆಂಕಿ ಸುರಕ್ಷತೆ ಇದೆಯಾ ಅಂತ ಪರಿಶೀಲಿಸುವುದು. ಪರಿಶೀಲನೆ ಅಂದರೆ ಒಕ್ಕಲೆಬ್ಬಿಸುವುದಲ್ಲ. ಮಾಲೀಕರಿಗೆ ಗಡುವು ಕೊಟ್ಟು ಸರಿ ಮಾಡಿಸಬೇಕು, ಬಾಡಿಗೆಯವರನ್ನು ಬೀದಿಗೆ ಹಾಕಬಾರದು.

ಇನ್ನು ಬೆಳಗಿನ ಜಾವವೇ ಊರು ಗುಡಿಸುವ ಪೌರಕಾರ್ಮಿಕರು. ಅವರಿಗೆ ಗೃಹಭಾಗ್ಯ ಯೋಜನೆ ಇದೆ. ನಿಮ್ಮ ನಗರಸಭೆಯಲ್ಲಿ ಅದರಲ್ಲಿ ಎಷ್ಟು ಜನಕ್ಕೆ ಮನೆ ಆಯಿತು ಅಂತ ಕೇಳಿ ನೋಡಿ.

ಆಶ್ರಯ ಮನೆಗೆ ಅರ್ಜಿ ಹಾಕಿ ವರ್ಷಗಳಾದವು. ಪಟ್ಟಿ ಮಾಡುವುದು ಯಾರು?

ನಗರ ಪ್ರದೇಶದಲ್ಲಿ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ. ಪಂಚಾಯಿತಿಯಲ್ಲಾದರೆ ಗ್ರಾಮಸಭೆ ಇರುತ್ತದೆ, ಎಲ್ಲರೆದುರು ಹೆಸರು ಓದುತ್ತಾರೆ. ಹಳ್ಳಿ ಪುರಸಭೆಗೆ ಸೇರಿದ ದಿನವೇ ಆ ಗ್ರಾಮಸಭೆ ಹೋಗಿಬಿಡುತ್ತದೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಅದಕ್ಕೇ ಅರ್ಜಿ ನಂಬರ್ ಇಟ್ಟುಕೊಳ್ಳಿ. ಪಟ್ಟಿಯನ್ನು ಸೂಚನಾ ಫಲಕಕ್ಕೆ ಹಾಕಿ ಅಂತ ಬರವಣಿಗೆಯಲ್ಲಿ ಕೇಳಿ. ವಾಜಪೇಯಿ ನಗರ ವಸತಿ ಯೋಜನೆ, ಅಂಬೇಡ್ಕರ್ ನಿವಾಸ ಯೋಜನೆ ಬೇರೆ ಬೇರೆ, ನೀವು ಯಾವುದಕ್ಕೆ ಹಾಕಿದ್ದೀರಿ ಅಂತ ಖಚಿತ ಮಾಡಿಕೊಳ್ಳಿ. ಸರ್ಕಾರಿ ಜಾಗದಲ್ಲಿ ಹಳೇ ಕಾಲದಿಂದ ಮನೆ ಕಟ್ಟಿಕೊಂಡಿರುವವರ ವಿಷಯ ಬೇರೆ. ಅದು ಭೂಕಂದಾಯ ಕಾಯ್ದೆಯ 94ಸಿಸಿ ಅಡಿ ಬರುತ್ತದೆ, ಹೋಗಬೇಕಾದದ್ದು ತಾಲ್ಲೂಕು ಕಚೇರಿಗೆ.

ಕುಡಿಯಲು ನೀರಿಲ್ಲ, ಆದರೂ ಸಾಲು ಸಾಲು ಅಪಾರ್ಟ್‌ಮೆಂಟಿಗೆ ಅನುಮತಿ ಕೊಡುತ್ತಾರಲ್ಲ, ಹೇಗೆ?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದೇ. ಒಂದು ಹಳೇ ಉದಾಹರಣೆ ಸಾಕು. 2007ರಲ್ಲಿ ಬಿಬಿಎಂಪಿ ಆದಾಗ ಯಲಹಂಕ, ದಾಸರಹಳ್ಳಿ, ಬ್ಯಾಟರಾಯನಪುರ, ಕೆ.ಆರ್. ಪುರ, ಮಹದೇವಪುರ, ಬೊಮ್ಮನಹಳ್ಳಿ, ರಾಜರಾಜೇಶ್ವರಿ ನಗರ ಅನ್ನುವ ಏಳು ನಗರಸಭೆಗಳು, ಕೆಂಗೇರಿ ಪುರಸಭೆ, ಜೊತೆಗೆ 110 ಹಳ್ಳಿಗಳು ನಗರಕ್ಕೆ ಸೇರಿದವು. ಆ ಹಳ್ಳಿಗಳಿಗೆ ಅಂತಲೇ ಮಾಡಿದ ಕಾವೇರಿ 5ನೇ ಹಂತ, ದಿನಕ್ಕೆ 77.5 ಕೋಟಿ ಲೀಟರ್, ಉದ್ಘಾಟನೆ ಆಗಿದ್ದು 2024ರ ಅಕ್ಟೋಬರ್‌ನಲ್ಲಿ. ಮಧ್ಯದ 17 ವರ್ಷ ಕಟ್ಟಡ ನಿಲ್ಲಲಿಲ್ಲ, ಐಟಿ ಪಾರ್ಕ್ ನಿಲ್ಲಲಿಲ್ಲ. ಜನ ಬೋರ್‌ವೆಲ್ ಕೊರೆದರು, ಟ್ಯಾಂಕರ್‌ಗೆ ಸುರಿದರು. 2024ರ ಬೇಸಿಗೆಯಲ್ಲಿ ಸಾವಿರಾರು ಬೋರ್‌ವೆಲ್ ಬತ್ತಿದಾಗ ಅತಿ ಜಾಸ್ತಿ ಒದ್ದಾಡಿದ್ದು ಇದೇ ಹೊರವಲಯದವರು.

ಈಗ ಅದೇ ಕಥೆ ಇನ್ನೊಂದು ಸುತ್ತು ಆಚೆ, ಅಂದರೆ ನಮ್ಮ ಊರುಗಳಲ್ಲಿ, ನಡೆಯುತ್ತಿದೆ. ಕಟ್ಟಡ ಪರವಾನಗಿ ಕೊಡುವವರು ನಕ್ಷೆ ನೋಡುತ್ತಾರೆ, ಎತ್ತರ ನೋಡುತ್ತಾರೆ, ಸೆಟ್‌ಬ್ಯಾಕ್ ನೋಡುತ್ತಾರೆ. ನೆಲದಡಿಯ ನೀರು ಇನ್ನೆಷ್ಟು ಮನೆಗೆ ಸಾಲುತ್ತದೆ ಅನ್ನುವ ಲೆಕ್ಕ ಎಲ್ಲೂ ಇರುವುದಿಲ್ಲ. ನಗರಸಭೆ ಇಟ್ಟುಕೊಳ್ಳಬೇಕಾದ ಗುರಿ ಸರಳ: ಪ್ರತಿ ವಾರ್ಡಿನ ಬೋರ್‌ವೆಲ್‌ಗಳ ಪಟ್ಟಿ, ಯಾವುದು ಬತ್ತಿದೆ, ಎಷ್ಟು ಆಳ, ಎಷ್ಟು ಮನೆಗೆ ಕೊಡುತ್ತಿದೆ ಅನ್ನುವ ವಿವರ ಪ್ರತಿ ಬೇಸಿಗೆಗೆ ಮುಂಚೆ ಪ್ರಕಟವಾಗಬೇಕು. ದೊಡ್ಡ ಯೋಜನೆಗಳಿಗೆ ಸ್ವಾಧೀನಾನುಭವ ಪತ್ರ (ಒಸಿ) ಕೊಡುವ ಮುಂಚೆ ಮಳೆನೀರು ಸಂಗ್ರಹ, ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ನಿಜವಾಗಲೂ ಕೆಲಸ ಮಾಡುತ್ತಿದೆಯಾ ಅಂತ ಸ್ಥಳಕ್ಕೆ ಹೋಗಿ ನೋಡಬೇಕು. ಬೆಂಗಳೂರು ಜಲಮಂಡಳಿ ವ್ಯಾಪ್ತಿಯಲ್ಲಿ 30x40 ಅಳತೆಯ ಹೊಸ ಮನೆಗೂ ಮಳೆನೀರು ಸಂಗ್ರಹ 2009ರಿಂದ ಕಡ್ಡಾಯ. ನಮ್ಮಲ್ಲೂ ಅಷ್ಟೇ ಗಟ್ಟಿಯಾಗಿ ಮಾಡಿಸಲು ಯಾರ ಅಪ್ಪಣೆಗೆ ಕಾಯಬೇಕು?

ರಾಜಕಾಲುವೆ, ಕೆರೆ ವಿಷಯ ಅಭಿವೃದ್ಧಿ ಗುರಿಯಲ್ಲಿ ಬರುತ್ತದಾ?

ಬರಲೇಬೇಕು. ಬೆಂಗಳೂರಿನ 'ಪರಿಷ್ಕೃತ ಮಾಸ್ಟರ್ ಪ್ಲಾನ್ 2015' ಕೆರೆಗೆ 30 ಮೀಟರ್, ರಾಜಕಾಲುವೆಗೆ ದರ್ಜೆ ನೋಡಿ 50, 25, 15 ಮೀಟರ್ ಬಫರ್ (ಕಟ್ಟಡ ಕಟ್ಟದೆ ಬಿಡಬೇಕಾದ ಜಾಗ) ಇಟ್ಟಿತ್ತು. 2016ರಲ್ಲಿ ಹಸಿರು ನ್ಯಾಯಮಂಡಳಿ ಅದನ್ನು ಹೆಚ್ಚಿಸಿತು, 2019ರಲ್ಲಿ ಸುಪ್ರೀಂ ಕೋರ್ಟ್ ಆ ಹೆಚ್ಚಳವನ್ನು ತೆಗೆದುಹಾಕಿತು. ನಿಮ್ಮ ಊರಿಗೆ ನಿಮ್ಮ ಯೋಜನಾ ಪ್ರಾಧಿಕಾರದ ನಿಯಮ ನೋಡಬೇಕು. 2022ರ ಸೆಪ್ಟೆಂಬರ್ ಮಳೆಗೆ ಸರ್ಜಾಪುರ ರಸ್ತೆಯ ವಿಲ್ಲಾಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ ಕರೆತಂದದ್ದನ್ನು ಎಲ್ಲರೂ ನೋಡಿದ್ದೇವೆ. ನೀರು ಹರಿಯುವ ದಾರಿಗೆ ಮನೆ ಕಟ್ಟಿದರೆ ನೀರು ಮನೆಯೊಳಗೇ ಬರುತ್ತದೆ. ಕಂದಾಯ ನಕ್ಷೆಯಲ್ಲಿರುವ ಕಾಲುವೆಗಳನ್ನು ಅಳೆದು ಗುರುತು ಕಲ್ಲು ಹಾಕಿಸುವುದಕ್ಕೆ ದೊಡ್ಡ ಹಣ ಬೇಕಿಲ್ಲ, ಸರ್ವೇಯರ್ ಮತ್ತು ಧೈರ್ಯ ಬೇಕು.

ನನ್ನದು ರೆವಿನ್ಯೂ ಸೈಟು, ಬಿ ಖಾತಾ ಆಗಿದೆ. ಇನ್ನು ಸಕ್ರಮ ಆಯಿತು ಅಂತಲಾ?

ಇಲ್ಲ. ರೆವಿನ್ಯೂ ಸೈಟು ಅಂದರೆ ಅನುಮೋದನೆ ಇಲ್ಲದ ಬಡಾವಣೆಯ ಸೈಟು, ಬಿ ಖಾತಾ ಅಂದರೆ ಅಂಥ ಆಸ್ತಿಗೆ ಕೊಡುವ ತೆರಿಗೆ ದಾಖಲೆ. 2025ರ ಫೆಬ್ರವರಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಬಿ ಖಾತಾ ಅಭಿಯಾನ ಶುರುವಾಯಿತು. ಅದರಿಂದ ಆಸ್ತಿ ದಾಖಲೆಗೆ ಬರುತ್ತದೆ, ತೆರಿಗೆ ಕಟ್ಟಬಹುದು. ಲೇಔಟಿಗೆ ಅನುಮೋದನೆ ಸಿಕ್ಕ ಹಾಗಲ್ಲ. ಅಕ್ರಮ ಕಟ್ಟಡ, ಲೇಔಟುಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಅಕ್ರಮ-ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಕಷ್ಟಪಟ್ಟು ಕೂಡಿಟ್ಟ ದುಡ್ಡಲ್ಲಿ ಸೈಟು ತೆಗೆದುಕೊಂಡವರನ್ನು ಬೈಯುವ ಮನಸ್ಸು ನನಗಿಲ್ಲ. ಅನುಮೋದಿತ ಸೈಟು ಅವರ ಕೈಗೆ ಎಟಕುವ ಬೆಲೆಗೆ ಸಿಗಲಿಲ್ಲ, ಅದು ವಸತಿ ನೀತಿಯ ಸೋಲು. ಆದರೆ ತೆರಿಗೆ ವಸೂಲಿ ಮಾಡಿದ ಮೇಲೆ ಆ ಬಡಾವಣೆಗೆ ಚರಂಡಿ, ದೀಪ, ನೀರು ಯಾವ ವರ್ಷ ಅಂತ ನಗರಸಭೆ ಬರೆದುಕೊಡಬೇಕು. ಹೊಸದಾಗಿ ಕೊಳ್ಳುವವರು ಮಾತ್ರ ಭೂ ಪರಿವರ್ತನೆ ಆದೇಶ, ಯೋಜನಾ ಪ್ರಾಧಿಕಾರದ ಅನುಮೋದಿತ ನಕ್ಷೆ ನೋಡದೆ ಮುಂಗಡ ಕೊಡಬೇಡಿ.

ಮೆಟ್ರೋ ಬಂತು, ಬಾಡಿಗೆಯೂ ಏರಿತು. ನಗರಸಭೆ ಏನು ಮಾಡಬಹುದು?

ಹಳದಿ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆ ಆಯಿತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರ, 19.15 ಕಿ.ಮೀ., 16 ನಿಲ್ದಾಣ. ಬಾಡಿಗೆ ನಿಯಂತ್ರಿಸುವ ಅಧಿಕಾರ ನಗರಸಭೆಗೆ ಇಲ್ಲ. ನಿಲ್ದಾಣದಿಂದ ಒಳಗಿನ ಬಡಾವಣೆಗಳಿಗೆ ಫುಟ್‌ಪಾತ್, ದೀಪ ಕೊಡುವ ಅಧಿಕಾರ ಇದೆ. ಒಂದು ಕಿಲೋಮೀಟರ್ ಆಚೆಯ ಊರಿಂದಲೂ ಹೆಣ್ಣುಮಕ್ಕಳು ರಾತ್ರಿ ಪಾಳಿ ಮುಗಿಸಿ ಧೈರ್ಯವಾಗಿ ನಡೆದು ಬರುವಂತಿದ್ದರೆ ನಿಲ್ದಾಣದ ಪಕ್ಕದ ಬೀದಿಗಳ ಮೇಲಿನ ಒತ್ತಡ ತಾನಾಗಿ ಕಡಿಮೆ ಆಗುತ್ತದೆ.

ನಾಳೆ ನಮ್ಮನ್ನೂ ಗ್ರೇಟರ್ ಬೆಂಗಳೂರಿಗೆ ಸೇರಿಸಿದರೆ ಇದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅಲ್ವಾ?

ಸೇರಿಸಿದರೂ ಮಾಡಿದ ಚರಂಡಿ ಚರಂಡಿಯೇ, ಗುರುತು ಮಾಡಿದ ಕೆರೆ ಗಡಿ ಗಡಿಯೇ. ನಾನು ಹೆದರುವುದು ಬೇರೆ ವಿಷಯಕ್ಕೆ. ಸೇರುವ ಹೊತ್ತಲ್ಲಿ ಕಾಗದಗಳು ಕಳೆದುಹೋಗುತ್ತವೆ. ಪಾರ್ಕು ಯಾವುದು, ಸಿಎ ಸೈಟು (ಸಾರ್ವಜನಿಕ ಸೌಲಭ್ಯಕ್ಕೆ ಬಿಟ್ಟ ಜಾಗ) ಯಾವುದು, ಡೆವಲಪರ್ ಯಾವ ರಸ್ತೆ ಬಿಟ್ಟುಕೊಟ್ಟಿದ್ದಾನೆ ಅನ್ನುವ ದಾಖಲೆ ಸಿಗದಿದ್ದರೆ ಆ ಜಾಗ ನಿಧಾನಕ್ಕೆ ಯಾರದೋ ಆಗುತ್ತದೆ. ಈಗಲೇ ಆ ಪಟ್ಟಿ ಮಾಡಿ ಪ್ರಕಟಿಸುವುದು ಈ ವರ್ಷದ ಗುರಿಯಾಗಲಿ.

ಬಾಡಿಗೆಯಲ್ಲಿ ಇರುವವರು ಸಭೆಯಲ್ಲಿ ಮಾತಾಡಬಹುದಾ?

ಖಂಡಿತ. ನಿಮ್ಮ ಬಾಡಿಗೆಯಿಂದಲೇ ಮಾಲೀಕರು ತೆರಿಗೆ ಕಟ್ಟುವುದು. ಮತದಾರರ ಪಟ್ಟಿಯಲ್ಲಿ ಈ ಊರಿನ ವಿಳಾಸಕ್ಕೆ ಹೆಸರು ಬದಲಿಸಿಕೊಳ್ಳಿ, ಆಗ ಮಾತಿಗೆ ತೂಕ ಬರುತ್ತದೆ.

ಪೂರ್ವಭಾವಿ ಸಭೆಗೆ ಹೋಗುವಾಗ ಏನು ತಯಾರಿ ಬೇಕು?

ಮೊದಲು ಹಿಂದಿನ ಎರಡು ವರ್ಷದ ಕ್ರಿಯಾ ಯೋಜನೆ ಪಡೆದುಕೊಳ್ಳಿ. ಕೊಡದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ, 30 ದಿನದಲ್ಲಿ ಉತ್ತರ ಬರಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಅದಕ್ಕೆ ಚಿಕ್ಕದಾಗಿ ಬರೆಯಿರಿ. ಬಂದ ಪಟ್ಟಿ ಹಿಡಿದು ನಿಮ್ಮ ವಾರ್ಡಿನ ಬೀದಿಗಳಲ್ಲಿ ನಡೆದು, ಆದ ಕೆಲಸ, ಆಗದ ಕೆಲಸ ಗುರುತು ಹಾಕಿ ಫೋಟೋ ತೆಗೆದುಕೊಳ್ಳಿ.

ಸಭೆಯಲ್ಲಿ ಉದ್ದ ಭಾಷಣ ಬೇಡ, ಸನ್ಮಾನ ಮುಗಿಯುವ ಹೊತ್ತಿಗೆ ಅರ್ಧ ಸಮಯ ಹೋಗಿರುತ್ತದೆ. ಮೂರು ಬೇಡಿಕೆ ಸಾಕು, ಪ್ರತಿಯೊಂದಕ್ಕೂ ಬೀದಿ ಹೆಸರು ಹೇಳಿ. "ನಮ್ಮ ಏರಿಯಾಗೆ ನೀರು ಕೊಡಿ" ಅನ್ನುವುದಕ್ಕಿಂತ "ಸಾರ್, ಇಂಥ ಕ್ರಾಸಿನ ಬೋರ್‌ವೆಲ್ ಮೋಟಾರು ಸುಟ್ಟಿದೆ, ಹಣಕಾಸು ಆಯೋಗದ ನೀರಿನ ಹಣದಲ್ಲಿ ಇದನ್ನು ಸೇರಿಸಿ" ಅಂದರೆ ತಪ್ಪಿಸಿಕೊಳ್ಳುವುದು ಕಷ್ಟ. ಸಾಧ್ಯವಾದರೆ ಪಕ್ಕದ ಶೀಟ್ ಮನೆಗಳ ಒಬ್ಬಿಬ್ಬರನ್ನೂ ಕರೆದುಕೊಂಡು ಹೋಗಿ, ಅವರ ವಿಷಯ ಅವರೇ ಹೇಳಲಿ. ಹೇಳಿದ್ದನ್ನೆಲ್ಲ ಅರ್ಜಿಯಲ್ಲೂ ಬರೆದು ಎರಡು ಪ್ರತಿ ಒಯ್ಯಿರಿ. ಒಂದನ್ನು ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಮಾರ್ಚ್ ಕಳೆದ ಮೇಲೆ ಹೊಸ ಕ್ರಿಯಾ ಯೋಜನೆ ಬಂದಾಗ ಆ ಪ್ರತಿಯನ್ನು ಪಕ್ಕಕ್ಕಿಟ್ಟು ಸಾಲು ಸಾಲಾಗಿ ಹೋಲಿಸಿ ನೋಡಿ, ಬಿಟ್ಟುಹೋದದ್ದಕ್ಕೆ ಅದೇ ವಾರ ಮತ್ತೆ ಅರ್ಜಿ ಕೊಡಿ.